ಮಾನವ ಹಕ್ಕುಗಳ ಅಂಕಿಅಂಶದ ಕೆಲಸ: ರಾಯಚೂರು, ಕೊಪ್ಪಳ, ಬಳ್ಳಾರಿಯ ವಿದ್ಯಾರ್ಥಿಗಳಿಗೆ ಕೈಪಿಡಿ

2014ರ ಆಗಸ್ಟ್ ಕೊನೆಯಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಕೇರಿಯ ಮೇಲೆ ದಾಳಿ ನಡೆದು ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 101 ಮಂದಿಯನ್ನು ತಪ್ಪಿತಸ್ಥರೆಂದು ಹೇಳಿ, 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಇದನ್ನು ಎಕ್ಸೆಲ್ ಹಾಳೆಗೆ ಏರಿಸಿ ಅಂದರೆ ಎಷ್ಟು ಸಾಲು ಬರೆಯುತ್ತೀರಿ? ಘಟನೆ ಒಂದು ಅಂತ ಒಂದೇ ಸಾಲೋ, ಅಪರಾಧಿಗಳು 101 ಅಂತ ಅಷ್ಟೂ ಸಾಲೋ? ವರ್ಷದ ಕಾಲಂನಲ್ಲಿ 2014 ಹಾಕುತ್ತೀರೋ 2024 ಹಾಕುತ್ತೀರೋ? ದಾಳಿ ಮಾಡಿದವರು ಊರಿನ ಜನ, ಸರ್ಕಾರಿ ನೌಕರರಲ್ಲ. ಹಾಗಿದ್ದರೆ ಇದು ‘ರಾಜ್ಯದಿಂದಾದ ಹಕ್ಕು ಉಲ್ಲಂಘನೆ’ಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ?

ಇಂಥ ಪ್ರಶ್ನೆಗಳಿಗೆ ಮೊದಲೇ ನಿಯಮ ಬರೆದಿಟ್ಟುಕೊಂಡು, ಆ ನಿಯಮ ತಪ್ಪದೆ ನೂರಾರು ದಾಖಲೆ ಓದಿ ಸಾಲು ತುಂಬುವುದೇ ಸಂಶೋಧನಾ ಸಹಾಯಕರ ಕೆಲಸ. ಇದಕ್ಕೆ ಕೋಡಿಂಗ್ ಎನ್ನುತ್ತಾರೆ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಕೋಡಿಂಗ್ ಅಲ್ಲ. ಹೆಸರು ಕೇಳಿಯೇ ಹಿಂದೆ ಸರಿಯುವ ಬಿ.ಎ., ಎಂ.ಎ. ವಿದ್ಯಾರ್ಥಿಗಳು ಬಹಳ ಮಂದಿ, ಅದಕ್ಕೇ ಈ ಮಾತು. ಇಲ್ಲಿ ಬೇಕಾಗುವುದು ನಿಧಾನವಾಗಿ ಓದುವ ಅಭ್ಯಾಸ, ಜೊತೆಗೆ ಹಾಳೆಯಲ್ಲಿ ವಿಂಗಡಿಸುವ, ಎಣಿಸುವ ತಿಳಿವಳಿಕೆ.

ಮೊದಲು ಅಳತೆಗೋಲುಗಳ ಪರಿಚಯ

ಅರ್ಜಿ ಹಾಕುವ ಮುನ್ನ ಈ ಕ್ಷೇತ್ರದ ಎರಡು ಮೂರು ಅಳತೆಗಳಾದರೂ ಗೊತ್ತಿರಲಿ. ಪೊಲಿಟಿಕಲ್ ಟೆರರ್ ಸ್ಕೇಲ್ 1976ರಿಂದ ದೇಶಗಳಿಗೆ 1ರಿಂದ 5ರವರೆಗೆ ಅಂಕ ಕೊಡುತ್ತಿದೆ. 1 ಅಂದರೆ ಸುರಕ್ಷಿತ, 5 ಅಂದರೆ ಭಯದ ಆಳ್ವಿಕೆ. ಅಮ್ನೆಸ್ಟಿ ಇಂಟರ್‌ನ್ಯಾಷನಲ್ ಮತ್ತು ಅಮೆರಿಕದ ವಿದೇಶಾಂಗ ಇಲಾಖೆಯ ವಾರ್ಷಿಕ ವರದಿಗಳನ್ನು ಓದಿ ಅಂಕ ಹಾಕುತ್ತಾರೆ. ಸಿರಿ (CIRI) ಎಂಬ ಇನ್ನೊಂದು ದತ್ತಾಂಶ 1981ರಿಂದ 2011ರವರೆಗಿನದು. ಅದರಲ್ಲಿ ಚಿತ್ರಹಿಂಸೆ, ಕಾನೂನುಬಾಹಿರ ಹತ್ಯೆ, ರಾಜಕೀಯ ಬಂಧನ, ಕಣ್ಮರೆ ಈ ನಾಲ್ಕಕ್ಕೂ 0, 1, 2 ಅಂಕ. ವರ್ಷಕ್ಕೆ 50 ಅಥವಾ ಅದಕ್ಕಿಂತ ಹೆಚ್ಚು ಪ್ರಕರಣವಿದ್ದರೆ 0, ಏನೂ ಇಲ್ಲದಿದ್ದರೆ 2. ನಾಲ್ಕನ್ನೂ ಕೂಡಿದರೆ 0ರಿಂದ 8ರ ಸೂಚ್ಯಂಕ, 8 ಒಳ್ಳೆಯದು.

ಗಮನಿಸಿದಿರಾ? ಒಂದರಲ್ಲಿ ಅಂಕ ಏರಿದರೆ ಪರಿಸ್ಥಿತಿ ಕೆಟ್ಟಿತೆಂದು ಅರ್ಥ, ಇನ್ನೊಂದರಲ್ಲಿ ಏರಿದರೆ ಸುಧಾರಿಸಿತೆಂದು. ಎರಡನ್ನೂ ಒಂದೇ ಹಾಳೆಗೆ ತಂದು ದಿಕ್ಕು ತಿರುಗಿಸುವುದನ್ನು ಮರೆತರೆ ಫಲಿತಾಂಶ ತಲೆಕೆಳಗು. ಸೇರಿದ ಮೊದಲ ತಿಂಗಳಲ್ಲಿ ಆಗುವ ತಪ್ಪುಗಳಲ್ಲಿ ಇದೇ ಮುಂದೆ.

ಸ್ವೀಡನ್ನಿನ ಗೋಥನ್‌ಬರ್ಗ್ ವಿಶ್ವವಿದ್ಯಾಲಯದ, ದೇಶಗಳ ಪ್ರಜಾಪ್ರಭುತ್ವವನ್ನು ಅಳೆಯುವ ವಿ-ಡೆಮ್ ಕೂಡ ನೋಡಿರಿ. ಆದರೆ ಇವೆಲ್ಲ ದೇಶಮಟ್ಟದ ಅಳತೆಗಳು. ‘ದೇವದುರ್ಗ ತಾಲ್ಲೂಕಿನಲ್ಲಿ ಹೇಗಿದೆ’ ಎಂಬ ಪ್ರಶ್ನೆಗೆ ಇವು ಉತ್ತರ ಕೊಡವು. ಕನ್ನಡ ಓದುವ ಸಹಾಯಕರಿಗೆ ಬೇಡಿಕೆ ಹುಟ್ಟುವುದೇ ಅಲ್ಲಿ. ಇನ್ನೊಂದು ಮಾತು: ಮೇಲಿನ ಎರಡೂ ಅಳತೆಗಳು ಎಣಿಸುವುದು ಸರ್ಕಾರ ಅಥವಾ ಅದರ ಕೈಯಾಳುಗಳಿಂದಾದ ಹಿಂಸೆಯನ್ನು. ಮರಕುಂಬಿಯಂಥದ್ದು ಅಲ್ಲಿ ನೇರವಾಗಿ ಸಿಗುವುದಿಲ್ಲ. ನಮ್ಮ ಕಡೆಯ ಉಲ್ಲಂಘನೆಗಳಲ್ಲಿ ದೊಡ್ಡ ಪಾಲು ಜಾತಿಯದ್ದು, ಅದಕ್ಕೆ ಬೇರೆಯೇ ಕಾಲಂ ಬೇಕು.

ಕೆಲಸ ಎಲ್ಲಿ ಸಿಗುತ್ತದೆ

ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ರಾಯಚೂರು ಮತ್ತು ಕೊಪ್ಪಳದ ವಿಶ್ವವಿದ್ಯಾಲಯಗಳಲ್ಲಿ ಓದುವವರು ಮೊದಲು ತಮ್ಮ ವಿಭಾಗದ ಅಧ್ಯಾಪಕರನ್ನೇ ಕೇಳಬೇಕು: ಐಸಿಎಸ್‌ಎಸ್‌ಆರ್ ಅಂದರೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ಯೋಜನೆ ಯಾರ ಕೈಯಲ್ಲಾದರೂ ಇದೆಯೇ ಅಂತ. ಇಂಥ ಯೋಜನೆಗಳ ಹುದ್ದೆಗೆ ಸಾಮಾನ್ಯವಾಗಿ ಸಮಾಜ ವಿಜ್ಞಾನದ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಕೇಳುತ್ತಾರೆ. ಇನ್ನೂ ಎಂ.ಎ. ಮುಗಿಯದವರಿಗೆ ಅರೆಕಾಲಿಕ ಕೆಲಸ ಸಿಗುವುದು ಹೆಚ್ಚಾಗಿ ಬೆಂಗಳೂರಿನ ಐಸೆಕ್, ಧಾರವಾಡದ ಸಿಎಂಡಿಆರ್‌ನಂಥ ಸಮಾಜ ವಿಜ್ಞಾನ ಸಂಶೋಧನಾ ಸಂಸ್ಥೆಗಳ ಸಂಶೋಧಕರಿಂದ, ಇಲ್ಲವೇ ದೂರದಿಂದಲೇ ಕೆಲಸ ಮಾಡಿಸುವ ಪಿಎಚ್‌.ಡಿ. ವಿದ್ಯಾರ್ಥಿಗಳಿಂದ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಡೆಸುವ ಎರಡು ವಾರದ ಆನ್‌ಲೈನ್ ಇಂಟರ್ನ್‌ಶಿಪ್ ತರಬೇತಿಗೆ ಒಳ್ಳೆಯದು. ಆದರೆ ಅದು ದತ್ತಾಂಶದ ಕೆಲಸವಲ್ಲ.

ಅರ್ಜಿ ಬರೆಯುವಾಗ ಮೂರು ಪುಟದ ಬಯೋಡೇಟಾ ಬೇಡ. ಒಂದು ಪುಟ ಸಾಕು, ಜೊತೆಗೆ ನೀವೇ ಕೋಡ್ ಮಾಡಿದ 20 ಸಾಲಿನ ಮಾದರಿ ಹಾಳೆ ಇರಲಿ. ಹತ್ತು ಪ್ರಮಾಣಪತ್ರಕ್ಕಿಂತ ಆ 20 ಸಾಲಿಗೆ ತೂಕ ಹೆಚ್ಚು. ಪತ್ರ ಹೀಗಿದ್ದರೆ ಓದುತ್ತಾರೆ:

“ಗೌರವಾನ್ವಿತ ಮೇಡಂ, ರಾಯಚೂರಿನಲ್ಲಿ ರಾಜ್ಯಶಾಸ್ತ್ರ ಎಂ.ಎ. ಎರಡನೇ ವರ್ಷದಲ್ಲಿದ್ದೇನೆ. ದೌರ್ಜನ್ಯ ಪ್ರಕರಣಗಳ ಶಿಕ್ಷೆಯ ಪ್ರಮಾಣ ಕುರಿತ ನಿಮ್ಮ ಲೇಖನ ಓದಿದೆ. ಸಾಕ್ಷಿಗಳು ತಿರುಗಿಬಿದ್ದು ಖುಲಾಸೆಯಾದ ಪ್ರಕರಣಗಳನ್ನು ಬೇರೆಯಾಗಿ ಎಣಿಸಿಲ್ಲ ಏಕೆಂದು ತಿಳಿಯುವ ಆಸೆ. ಪತ್ರಿಕೆಗಳ ಜಿಲ್ಲಾ ಪುಟದಿಂದ 20 ಘಟನೆ ಕೋಡ್ ಮಾಡಿದ ಹಾಳೆ ಮತ್ತು ಅದಕ್ಕೆ ನಾನು ಬರೆದುಕೊಂಡ ನಿಯಮಗಳನ್ನು ಲಗತ್ತಿಸಿದ್ದೇನೆ. ಕನ್ನಡ, ತೆಲುಗು ಓದಬಲ್ಲೆ. ಉರ್ದು ಮಾತು ತಿಳಿಯುತ್ತದೆ, ಓದಲು ಬಾರದು. ವಾರಕ್ಕೆ 10 ಗಂಟೆ ಕೊಡಬಲ್ಲೆ. ಮೇ ತಿಂಗಳಲ್ಲಿ ಪರೀಕ್ಷೆ ಇದೆ.”

ಬಾರದ್ದನ್ನು ಬಾರದು ಎಂದು ಬರೆದಿರುವುದು ಇಲ್ಲಿ ಮುಖ್ಯ. ತೆಲುಗು, ಉರ್ದು, ಲಂಬಾಣಿ ಬರುತ್ತಿದ್ದರೆ ಸಂಕೋಚವಿಲ್ಲದೆ ಹೇಳಿ. ಗಡಿ ಜಿಲ್ಲೆಯವರಿಗಿರುವ ಈ ಅನುಕೂಲ ಬೆಂಗಳೂರಿನವರಿಗಿಲ್ಲ.

ಹಾಳೆ ಕಟ್ಟುವುದು

ಮೊದಲ ನಿರ್ಧಾರ: ಒಂದು ಸಾಲು ಎಂದರೆ ಏನು? ಘಟನೆಯೋ, ಬಾಧಿತ ವ್ಯಕ್ತಿಯೋ, ಎಫ್‌ಐಆರೋ? ಇದನ್ನು ಹಾಳೆಯ ನೆತ್ತಿಯ ಮೇಲೆ ಬರೆದಿಡಿ. ಘಟನೆಯೇ ಸಾಲು ಎಂದಾದರೆ ಮರಕುಂಬಿ ಒಂದೇ ಸಾಲು. ಅಪರಾಧಿಗಳು 101, ಜೀವಾವಧಿ 98 ಎಂಬುವು ಆ ಸಾಲಿನೊಳಗಿನ ಕಾಲಂಗಳು. ದಿನಾಂಕಕ್ಕೆ ಒಂದು ಕಾಲಂ ಸಾಲದು. ನಡೆದ ದಿನ, ವರದಿಯಾದ ದಿನ, ತೀರ್ಪಿನ ದಿನ ಮೂರೂ ಬೇಕು. ಹೀಗೆ ಮಾಡದವರ ಗ್ರಾಫ್‌ನಲ್ಲಿ 2024ರಲ್ಲಿ ಕೊಪ್ಪಳದಲ್ಲಿ ಏನೋ ಭಾರೀ ಹಿಂಸೆ ನಡೆದಂತೆ ಕಾಣುತ್ತದೆ. ನಡೆದದ್ದು ಹತ್ತು ವರ್ಷದ ಹಿಂದೆ.

ಉಳಿದಂತೆ ಊರು, ತಾಲ್ಲೂಕು, ಠಾಣೆ, ಯಾವ ಹಕ್ಕು, ಯಾರಿಂದ (ಪೊಲೀಸ್, ಇತರ ಅಧಿಕಾರಿ, ಖಾಸಗಿ ವ್ಯಕ್ತಿ, ಗುಂಪು), ಎಫ್‌ಐಆರ್ ಆಗಿದೆಯೇ, ಮೂಲ ಯಾವುದು, ಕೋಡ್ ಮಾಡಿದವರು ಯಾರು, ಟಿಪ್ಪಣಿ ಎಂಬ ಕಾಲಂಗಳಿರಲಿ. ಮೂಲದ ಕಾಲಂ ಖಾಲಿ ಇರುವ ಸಾಲನ್ನು ಅಳಿಸಿಬಿಡುವುದೇ ವಾಸಿ. ಆರು ತಿಂಗಳ ಮೇಲೆ ಯಾರಾದರೂ ‘ಇದು ಎಲ್ಲಿಂದ ಬಂತು’ ಎಂದು ಕೇಳಿದಾಗ ತೋರಿಸಲಾಗದ ಅಂಕಿ ಇಡೀ ಹಾಳೆಯ ಮೇಲೆ ಅನುಮಾನ ತರುತ್ತದೆ.

‘ಇಲ್ಲ’ ಬೇರೆ, ‘ವರದಿಯಲ್ಲಿ ಹೇಳಿಲ್ಲ’ ಬೇರೆ, ‘ಅನ್ವಯಿಸುವುದಿಲ್ಲ’ ಬೇರೆ. ಮೊದಲನೆಯದಕ್ಕೆ 0, ಉಳಿದವಕ್ಕೆ 99 ಮತ್ತು 88 ಹಾಕುವುದು ರೂಢಿ. ಆದರೆ ಬಾಧಿತರ ಸಂಖ್ಯೆಯ ಕಾಲಂನಲ್ಲಿ 99 ಹಾಕಿ, ಅದನ್ನು ತೆಗೆಯದೆ ಸರಾಸರಿ ಒತ್ತಿದರೆ ಪ್ರತಿ ಘಟನೆಗೂ ಮೂವತ್ತು ನಲವತ್ತು ಮಂದಿ ಗಾಯಗೊಂಡಂತೆ ಬರುತ್ತದೆ. ಸಂಖ್ಯೆಯ ಕಾಲಂಗಳಲ್ಲಿ ಋಣ ಚಿಹ್ನೆಯ -99 ಬಳಸಿದರೆ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ.

ಕನ್ನಡ ಸುದ್ದಿಯನ್ನು ಓದುವ ಬಗೆ

ಬೇರೆ ಭಾಷೆಯ ಕೈಪಿಡಿಗಳು ಕಲಿಸದ ಭಾಗ ಇದು, ಹಾಗಾಗಿ ಸ್ವಲ್ಪ ವಿವರವಾಗಿ. ನಮ್ಮ ಪತ್ರಿಕೆಗಳ ಅಪರಾಧ ಸುದ್ದಿಗೆ ಅದರದೇ ಒಂದು ಭಾಷೆಯಿದೆ. ‘ಕ್ಷುಲ್ಲಕ ಕಾರಣಕ್ಕೆ ಜಗಳ’, ‘ಎರಡು ಗುಂಪುಗಳ ನಡುವೆ ಘರ್ಷಣೆ’, ‘ಮಾತಿಗೆ ಮಾತು ಬೆಳೆದು’ ಎಂಬ ಮಾತುಗಳು ಯಾರು ಯಾರಿಗೆ ಹೊಡೆದರು ಎಂಬುದನ್ನೇ ನುಂಗಿಬಿಡುತ್ತವೆ. ಎರಡು ಗುಂಪು ಎಂದು ಬರೆದ ವರದಿಯ ಐದನೇ ಪ್ಯಾರಾದಲ್ಲಿ ‘ಹೋಟೆಲ್‌ನೊಳಗೆ ಚಹಾ ಕೊಡಲು ನಿರಾಕರಿಸಿದ್ದೇ ಕಾರಣ’ ಎಂದಿರುತ್ತದೆ. ಶೀರ್ಷಿಕೆ ನೋಡಿ ಕೋಡ್ ಮಾಡಿದರೆ ಅದು ಸಾರ್ವಜನಿಕ ಶಾಂತಿಭಂಗ, ಪೂರ್ತಿ ಓದಿದರೆ ಅಸ್ಪೃಶ್ಯತೆ. ಕ್ಷೌರ ನಿರಾಕರಣೆ, ಬೇರೆ ಲೋಟ, ದೇವಸ್ಥಾನ ಪ್ರವೇಶಕ್ಕೆ ತಡೆ, ಕಿರಾಣಿ ಅಂಗಡಿಯಲ್ಲಿ ಸಾಮಾನು ಕೊಡದಿರುವುದು ಎಲ್ಲಕ್ಕೂ ಬೇರೆ ಬೇರೆ ಸಂಕೇತ ಕೊಟ್ಟಿರಿ. ಆಮೇಲೆ ಒಟ್ಟುಗೂಡಿಸುವುದು ಸುಲಭ, ಒಟ್ಟಿಗೆ ಹಾಕಿದ್ದನ್ನು ಬಿಡಿಸುವುದು ಕಷ್ಟ.

‘ಎನ್ನಲಾಗಿದೆ’, ‘ಆರೋಪಿಸಿದ್ದಾರೆ’, ‘ತಿಳಿದುಬಂದಿದೆ’, ‘ಸಾಬೀತಾಗಿದೆ’ ಇವು ನಾಲ್ಕು ಮಜಲುಗಳು. ಆರೋಪ ಒಂದು ಸಂಕೇತ, ದೂರು ದಾಖಲು ಮತ್ತೊಂದು, ದೋಷಾರೋಪ ಪಟ್ಟಿ ಮೂರನೆಯದು, ತೀರ್ಪು ನಾಲ್ಕನೆಯದು. ‘ಹಲವರಿಗೆ ಗಾಯ’, ‘ಹತ್ತಾರು ಮಂದಿ’ ಬಂದಾಗ ಊಹೆಗೆ ಹೋಗಬೇಡಿ. ಕನಿಷ್ಠ, ಗರಿಷ್ಠ ಎಂದು ಎರಡು ಕಾಲಂ ಮಾಡಿ. ‘ಹಲವರು’ ಎಂದರೆ ಕನಿಷ್ಠ 3, ‘ಹತ್ತಾರು’ ಎಂದರೆ ಕನಿಷ್ಠ 10, ಗರಿಷ್ಠ ಎರಡಕ್ಕೂ ‘ಹೇಳಿಲ್ಲ’. ಈ ಸಂಖ್ಯೆಗಳೇ ಆಗಬೇಕೆಂದಿಲ್ಲ, ಆದರೆ ತಂಡದ ಎಲ್ಲರೂ ಅದನ್ನೇ ಪಾಲಿಸಬೇಕು.

ಇ-ಪೇಪರ್ ಬಳಸುವವರು ಆವೃತ್ತಿ ನೋಡಿಕೊಳ್ಳಿ. ಬೆಂಗಳೂರು ಆವೃತ್ತಿಯಲ್ಲಿ ಸಿಂಧನೂರಿನ ಸುದ್ದಿ ಬರುವುದು ಪ್ರಕರಣ ದೊಡ್ಡದಾದರೆ ಮಾತ್ರ. ಒಂದೇ ಘಟನೆ ಮೂರು ಪತ್ರಿಕೆಯಲ್ಲಿ ಬಂದರೆ ಮೂರು ಸಾಲಾಗಬಾರದು. ದಿನಾಂಕ, ಊರು, ಬಗೆ ಸೇರಿಸಿ ಒಂದು ಘಟನೆ ಸಂಖ್ಯೆ ಕೊಟ್ಟು, ಮೂರೂ ಮೂಲಗಳನ್ನು ಅದರ ಮುಂದೆ ಬರೆಯಿರಿ. ಮೊದಮೊದಲು ಗಂಟೆಗೆ ಏಳೆಂಟು ವರದಿ ಮುಗಿದರೆ ಸಾಕು. ಇಪ್ಪತ್ತು ಮುಗಿಸುವವರು ಓದುತ್ತಿಲ್ಲ.

ಇಬ್ಬರ ತಾಳೆ

ಒಬ್ಬರೇ ಕೋಡ್ ಮಾಡಿದ ಹಾಳೆಯನ್ನು ಯಾರೂ ನಂಬರು. ಇಬ್ಬರು ಪರಸ್ಪರ ಮಾತಾಡಿಕೊಳ್ಳದೆ ಅದೇ 50 ವರದಿಗಳನ್ನು ಕೋಡ್ ಮಾಡಬೇಕು. ‘ಪೊಲೀಸರಿಂದ ಹಲ್ಲೆಯ ಆರೋಪ ಇದೆಯೇ’ ಎಂಬ ಕಾಲಂ ತೆಗೆದುಕೊಳ್ಳಿ. ಇಬ್ಬರೂ ‘ಹೌದು’ ಎಂದದ್ದು 18, ಇಬ್ಬರೂ ‘ಇಲ್ಲ’ ಎಂದದ್ದು 22, ಮೊದಲನೆಯವರು ಮಾತ್ರ ಹೌದು ಎಂದದ್ದು 7, ಎರಡನೆಯವರು ಮಾತ್ರ 3. ತಾಳೆಯಾದದ್ದು 50ರಲ್ಲಿ 40, ಅಂದರೆ 0.80. ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಕಣ್ಣುಮುಚ್ಚಿ ಹಾಕಿದ್ದರೂ ಒಂದಷ್ಟು ತಾಳೆಯಾಗುತ್ತಿತ್ತಲ್ಲ? ಮೊದಲನೆಯವರು 25 ಕಡೆ (0.50), ಎರಡನೆಯವರು 21 ಕಡೆ (0.42) ಹೌದು ಎಂದಿದ್ದಾರೆ. ಆಕಸ್ಮಿಕ ತಾಳೆ 0.50 × 0.42 + 0.50 × 0.58 = 0.50. ಕೊಹೆನ್ ಕಪ್ಪ ಎಂಬ ಅಳತೆ (0.80 − 0.50) ÷ (1 − 0.50), ಅಂದರೆ 0.60. ಬಹಳಷ್ಟು ಯೋಜನೆಗಳು 0.70ಕ್ಕಿಂತ ಮೇಲೆ ಬಯಸುತ್ತವೆ.

ಆಗ ಮಾಡಬೇಕಾದ್ದು ಇಬ್ಬರಲ್ಲಿ ಯಾರು ಸರಿ ಎಂದು ಜಗಳವಾಡುವುದಲ್ಲ. ತಾಳೆಯಾಗದ 10 ವರದಿಗಳನ್ನು ಎದುರಿಗಿಟ್ಟು, ನಿಯಮದಲ್ಲಿ ಏನು ಅಸ್ಪಷ್ಟ ಎಂದು ಹುಡುಕುವುದು. ಬಹುಶಃ ‘ಪೊಲೀಸರು ಬೆದರಿಸಿದರು’ ಎಂಬುದು ಹಲ್ಲೆಯೇ ಅಲ್ಲವೇ ಎಂದು ಯಾರೂ ಬರೆದಿರಲಿಕ್ಕಿಲ್ಲ. ಬರೆಯಿರಿ, ಹೊಸ 50 ವರದಿ ತೆಗೆದುಕೊಂಡು ಮತ್ತೆ ಪರೀಕ್ಷಿಸಿ. ಹಳೆಯ 50ನ್ನೇ ತಿದ್ದಿ ಕಪ್ಪ ಏರಿಸುವುದು ಕಳ್ಳಲೆಕ್ಕ.

ಸರ್ಕಾರಿ ಮೂಲಗಳು ಮತ್ತು ಅವುಗಳ ಒಳಮರ್ಮ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿ ಎಲ್ಲರೂ ತೆರೆಯುವ ಮೊದಲ ಬಾಗಿಲು. ಅಲ್ಲಿ ‘ಪ್ರಧಾನ ಅಪರಾಧ’ ನಿಯಮವಿದೆ: ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಹೆಚ್ಚು ಶಿಕ್ಷೆ ಇರುವ ಅಪರಾಧ ಮಾತ್ರ ಎಣಿಕೆಗೆ ಸೇರುತ್ತದೆ. ಪರಿಶಿಷ್ಟರ ಮೇಲಿನ ಅಪರಾಧಗಳ ಪ್ರಮಾಣವನ್ನು ಇನ್ನೂ 2011ರ ಜನಗಣತಿಯ ಮೇಲೆಯೇ ಲೆಕ್ಕ ಹಾಕಲಾಗಿದೆ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ, ಆದರೆ ಲೈಂಗಿಕ ಅಪರಾಧ, ಪೋಕ್ಸೊದಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ಜಾಲತಾಣದಿಂದ ಇಳಿಸಿಕೊಂಡ ಪಟ್ಟಿಯಲ್ಲಿ ಮಹಿಳೆಯರ ಪ್ರಕರಣ ಕಡಿಮೆ ಕಂಡರೆ ಕಾರಣ ಅದು. ಮಾನವ ಹಕ್ಕುಗಳ ಆಯೋಗದ ದೂರುಗಳಿಗೂ ಮಿತಿಯುಂಟು. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ವಿಚಾರಣೆ ಮಾಡುವಂತಿಲ್ಲ.

ಹೆಚ್ಚು ಮಂದಿ ಮುಟ್ಟದ, ಆದರೆ ಬಂಗಾರದಂಥ ಮೂಲ ಎರಡು. ಒಂದು, ವಿಧಾನಸಭೆಯ ಚುಕ್ಕೆ ಗುರುತಿನ ಮತ್ತು ಚುಕ್ಕೆ ರಹಿತ ಪ್ರಶ್ನೆಗಳಿಗೆ ಸಚಿವರು ಕೊಟ್ಟ ಉತ್ತರ. ಅನುಬಂಧದಲ್ಲಿ ಜಿಲ್ಲಾವಾರು ಕೋಷ್ಟಕ ಇರುತ್ತದೆ, ಅದೂ ಕನ್ನಡದಲ್ಲಿ. ಇನ್ನೊಂದು, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿಯ ಸಭಾ ನಡವಳಿ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ನಿಯಮ, 1995ರ ಪ್ರಕಾರ ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಸಭೆಯೇ ಸೇರಿಲ್ಲ ಎಂಬುದೂ ಒಂದು ದತ್ತಾಂಶವೇ.

ನಡವಳಿ ಪಡೆಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಐದು ಪ್ರಶ್ನೆ ತುರುಕಿದ ಅರ್ಜಿ ವಾಪಸ್ ಬರುವುದು ಇದೇ ಕಾರಣಕ್ಕೆ. ‘ಏಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಬೇಡಿ, ‘ಮಾಹಿತಿ ಸೃಷ್ಟಿಸಿ ಕೊಡಲು ಬರುವುದಿಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ‘ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗಿನ ಸಭಾ ನಡವಳಿಗಳ ದೃಢೀಕೃತ ಪ್ರತಿ, ಸಂತ್ರಸ್ತರ ಹೆಸರು ಅಳಿಸಿ, ಸೆಕ್ಷನ್ 10ರಡಿ’ ಎಂದು ಬರೆಯಿರಿ. ಹೆಸರು ಬೇಡವೆಂದು ನೀವೇ ಹೇಳಿದರೆ ನಿರಾಕರಿಸಲು ಒಂದು ನೆಪ ಕಡಿಮೆ.

ಗಡಿ, ಹೆಸರು, ಸೆಕ್ಷನ್: ಸರಣಿ ಮುರಿಯುವ ಜಾಗಗಳು

ಕೊಪ್ಪಳ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ. ಬಳ್ಳಾರಿಯಿಂದ ವಿಜಯನಗರ ಬೇರೆಯಾದದ್ದು 2021ರಲ್ಲಿ. ಹರಪನಹಳ್ಳಿಯದಂತೂ ದೊಡ್ಡ ಪ್ರಯಾಣ: 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂದು, 2021ರಲ್ಲಿ ವಿಜಯನಗರ ಸೇರಿತು. ಹಾಗಾಗಿ 2019ರ ಬಳ್ಳಾರಿ ಪ್ರಕರಣಗಳಲ್ಲಿ ಹರಪನಹಳ್ಳಿ ಉಂಟು, 2011ರ ಜನಗಣತಿಯ ಬಳ್ಳಾರಿಯಲ್ಲಿ (24,52,595) ಇಲ್ಲ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಪ್ರಮಾಣ ಸುಳ್ಳೇ ಏರುತ್ತದೆ. 2021ರ ನಂತರ ಪ್ರಕರಣ ಕುಸಿದಂತೆ ಕಾಣುವುದೂ ಅರ್ಧ ಜಿಲ್ಲೆ ಹೋದದ್ದರಿಂದ. ತಾಲ್ಲೂಕು ಮಟ್ಟದಲ್ಲಿ ದಾಖಲಿಸಿದ್ದರೆ ಯಾವ ಗಡಿಗೆ ಬೇಕಾದರೂ ಮತ್ತೆ ಕೂಡಿಸಬಹುದು.

ಚುನಾವಣೆಯ ಜೊತೆ ತಾಳೆ ನೋಡುವವರಿಗೆ ಇನ್ನೊಂದು ತೊಡಕು. ಕೊಪ್ಪಳ ಲೋಕಸಭಾ ಕ್ಷೇತ್ರದೊಳಗೆ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೇರಿವೆ. ರಾಯಚೂರು, ಬಳ್ಳಾರಿ ಲೋಕಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು, ಕೊಪ್ಪಳ ಸಾಮಾನ್ಯ. ‘ಮೀಸಲು ಕ್ಷೇತ್ರದಲ್ಲಿ ದೂರು ಹೆಚ್ಚು ದಾಖಲಾಗುತ್ತದೆಯೇ’ ಎಂದು ನೋಡಲು ಜಿಲ್ಲೆಯ ಅಂಕಿ ತಂದು ಕ್ಷೇತ್ರಕ್ಕೆ ಅಂಟಿಸಿದರೆ ಸಿರುಗುಪ್ಪ ತಪ್ಪು ಕಡೆ ಕೂರುತ್ತದೆ.

ಹೆಸರುಗಳ ಕಾಟ ಬೇರೆ. ಇಂಗ್ಲಿಷಿನಲ್ಲಿ 2014ರ ನವೆಂಬರ್‌ವರೆಗೆ ‘ಬೆಲ್ಲರಿ’, ಆಮೇಲೆ ‘ಬಳ್ಳಾರಿ’. ಕನ್ನಡದಲ್ಲೂ ಲಿಂಗಸುಗೂರು-ಲಿಂಗಸೂಗೂರು, ಸಂಡೂರು-ಸೊಂಡೂರು, ಯಲಬುರ್ಗಾ-ಯಲಬುರಗಾ. ಕಂಪ್ಯೂಟರ್‌ಗೆ ಇವು ಬೇರೆ ಬೇರೆ ಊರು. ಪ್ರತಿ ತಾಲ್ಲೂಕಿಗೂ ಒಂದು ಸಂಖ್ಯೆ ಕೊಟ್ಟು ಅದರಿಂದಲೇ ಜೋಡಿಸಿ.

ಸೆಕ್ಷನ್‌ಗಳೂ ಬದಲಾಗಿವೆ. 2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಾಗಿ ಕೊಲೆಯ 302 ಈಗ 103, ಅತ್ಯಾಚಾರದ 376 ಈಗ 64. ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿ ಬಂದ ಮೇಲೆ ಸಾಮಾಜಿಕ ಬಹಿಷ್ಕಾರದಂಥ ಅಪರಾಧಗಳು ಹೊಸದಾಗಿ ಸೇರಿದವು. 2016ರ ನಂತರ ಏರಿಕೆ ಕಂಡರೆ ಹಿಂಸೆ ಹೆಚ್ಚಿತೋ, ಕಾನೂನಿನ ಬಲೆ ಅಗಲವಾಯಿತೋ, ಜನ ಠಾಣೆಗೆ ಹೋಗುವ ಧೈರ್ಯ ಮಾಡಿದರೋ ಎಂದು ಅಂಕಿ ತಾನಾಗಿ ಹೇಳುವುದಿಲ್ಲ.

ಪ್ರಮಾಣ ಲೆಕ್ಕ ಹಾಕದೆ ಹೋಲಿಸಬೇಡಿ. ರಾಯಚೂರಿನಲ್ಲಿ 40, ಕೊಪ್ಪಳದಲ್ಲಿ 30 ಪ್ರಕರಣ ಎಂದಿಟ್ಟುಕೊಳ್ಳಿ. 2011ರ ಜನಸಂಖ್ಯೆ 19,28,812 ಮತ್ತು 13,89,920. ಲಕ್ಷಕ್ಕೆ 2.07 ಮತ್ತು 2.16, ಕೊಪ್ಪಳವೇ ತುಸು ಮೇಲೆ. ನಾಲ್ಕು ಪ್ರಕರಣ ಆರಾದಾಗ ‘ಶೇ 50 ಹೆಚ್ಚಳ’ ಎಂದು ಮಾತ್ರ ದಯವಿಟ್ಟು ಬರೆಯಬೇಡಿ.

ಫಾಂಟ್‌ನ ರಗಳೆ

ಹಳೆಯ ಸರ್ಕಾರಿ ಪಿಡಿಎಫ್‌ಗಳು ನುಡಿ, ಬರಹದ ಹಳೆ ಫಾಂಟ್‌ನಲ್ಲಿರುತ್ತವೆ. ನಕಲಿಸಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ತಲೆಮೇಲೆ ಗೆರೆ ಚುಕ್ಕೆ ಇಟ್ಟಂತೆ ಕಾಣುತ್ತದೆ. ಯುನಿಕೋಡ್ ಪರಿವರ್ತಕಕ್ಕೆ ಹಾಕಿ, ಬಂದದ್ದರಲ್ಲಿ ಒತ್ತಕ್ಷರ, ಅರ್ಕಾವತ್ತು ಪರೀಕ್ಷಿಸಿ. ಸ್ಕ್ಯಾನ್ ಪ್ರತಿಯಾದರೆ, ಚಿತ್ರದಿಂದ ಅಕ್ಷರ ಗುರುತಿಸುವ ಟೆಸರಾಕ್ಟ್ ಎಂಬ ತಂತ್ರಾಂಶ ಕನ್ನಡ ಓದುತ್ತದೆ, ಆದರೆ ಕೋಷ್ಟಕದ ಅಂಕಿಗಳನ್ನು ಕೈಯಿಂದಲೇ ಟೈಪ್ ಮಾಡಿ ಮೊತ್ತ ಕೂಡಿ ನೋಡುವುದು ಕ್ಷೇಮ. ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ಎರಡು ಸಲ ಒತ್ತಿ ತೆರೆದರೆ ಕನ್ನಡ ಕೆಡುತ್ತದೆ. ಡೇಟಾ ಮೆನುವಿನಿಂದ ಯುಟಿಎಫ್-8 ಆರಿಸಿ ಒಳತನ್ನಿ. ದಿನಾಂಕಕ್ಕೆ 2022-04-03 ಎಂಬ ರೂಪವೇ ಇರಲಿ. 03/04 ಎಂದರೆ ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ಎಂದು ಎಕ್ಸೆಲ್ ನಿಮ್ಮನ್ನು ಕೇಳದೆ ತೀರ್ಮಾನಿಸಿಬಿಡುತ್ತದೆ.

ಹೆಸರು ಮುಚ್ಚುವುದು

ಅತ್ಯಾಚಾರ ಸಂತ್ರಸ್ತರ, ಪೋಕ್ಸೊ ಪ್ರಕರಣದ ಮಕ್ಕಳ ಗುರುತು ಬಹಿರಂಗಪಡಿಸುವುದು ಅಪರಾಧ. ಹೆಸರು ತೆಗೆದರೆ ಸಾಲದು. 300 ಮನೆಯ ಹಳ್ಳಿಯಲ್ಲಿ ಊರು, ವಯಸ್ಸು, ಜಾತಿ, ತಿಂಗಳು ನಾಲ್ಕೂ ಸೇರಿದರೆ ಯಾರೆಂದು ಓಣಿಯವರಿಗೆಲ್ಲ ಗೊತ್ತಾಗುತ್ತದೆ. ಹಂಚುವ ಹಾಳೆಯಲ್ಲಿ ಊರಿನ ಬದಲು ತಾಲ್ಲೂಕು, ವಯಸ್ಸಿನ ಬದಲು ವಯೋವರ್ಗ, ದಿನಾಂಕದ ಬದಲು ತ್ರೈಮಾಸಿಕ ಇರಲಿ. ಪೂರ್ಣ ವಿವರದ ಹಾಳೆ ಪಾಸ್‌ವರ್ಡ್ ಹಾಕಿದ ಬೇರೆ ಕಡತದಲ್ಲಿ. ಅದನ್ನು ವಾಟ್ಸ್ಆ್ಯಪ್ ಗುಂಪಿಗೆ ಕಳಿಸುವುದು ಬೇಡವೇ ಬೇಡ, ಸೈಬರ್ ಸೆಂಟರ್‌ನ ಕಂಪ್ಯೂಟರ್‌ನಲ್ಲಿ ತೆರೆಯುವುದೂ ಬೇಡ.

ಹಿಂಸೆಯ ವಿವರಗಳನ್ನು ದಿನವಿಡೀ ಓದಿದರೆ ನಿದ್ದೆ ಕೆಡುತ್ತದೆ. ಒಂದೇ ಸಲಕ್ಕೆ ಎರಡು ಗಂಟೆಗಿಂತ ಹೆಚ್ಚು ಬೇಡ, ಫೋಟೊ ಇರುವ ಕಡತಗಳನ್ನು ರಾತ್ರಿ ತೆರೆಯಬೇಡಿ. ಕಷ್ಟವಾದರೆ ಯೋಜನೆಯ ಮುಖ್ಯಸ್ಥರಿಗೆ ಹೇಳಿ ಕೆಲಸದ ಬಗೆ ಬದಲಿಸಿಕೊಳ್ಳಿ. ಹೇಳಿಕೊಳ್ಳಲು ನಾಚಿಕೆಪಡಬೇಕಾಗಿಲ್ಲ.

ಸಂಭಾವನೆ, ಹಸ್ತಾಂತರ

ಕೆಲಸ ಶುರುವಾಗುವ ಮುನ್ನ ಮೂರು ಸಂಗತಿ ಇಮೇಲ್‌ನಲ್ಲಿ ಬರೆಸಿಕೊಳ್ಳಿ: ಗಂಟೆಗೆ ಎಷ್ಟು, ಹಣ ಯಾವಾಗ, ಲೇಖನದಲ್ಲಿ ಹೆಸರು ಎಲ್ಲಿ. ವರದಿಗೆ ಇಷ್ಟು ಎಂಬ ದರಕ್ಕಿಂತ ಗಂಟೆಯ ದರವೇ ಮೇಲು. ವರದಿಗೆ ದರವಾದರೆ ಕೈ ತಾನಾಗಿ ಓಡುತ್ತದೆ, ತಪ್ಪೂ ಓಡಿಬರುತ್ತದೆ. ಬರೀ ಪ್ರಮಾಣಪತ್ರಕ್ಕೆ ಆರು ತಿಂಗಳು ದುಡಿಸುವವರಿದ್ದಾರೆ. ಒಂದು ತಿಂಗಳಿಗಿಂತ ಹೆಚ್ಚು ಅದಕ್ಕೆ ಒಪ್ಪಬೇಡಿ.

ಬಿಡುವಾಗ ಒಪ್ಪಿಸಬೇಕಾದ್ದು ನಾಲ್ಕು ಕಡತ: ಯಾರೂ ಮುಟ್ಟದ ಮೂಲ ಹಾಳೆ, ಶುದ್ಧಗೊಳಿಸಿದ ಹಾಳೆ, ಕೊನೆಯ ತಿದ್ದುಪಡಿಯ ದಿನಾಂಕವಿರುವ ನಿಯಮಪುಸ್ತಕ, ಯಾವ ದಿನ ಏನು ಏಕೆ ಬದಲಿಸಿದೆ ಎಂಬ ದಿನಚರಿ. ಅನುಭವ ಪತ್ರದಲ್ಲಿ ‘ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ’ ಎಂಬ ಒಂದು ಸಾಲಿನ ಬದಲು ‘640 ವರದಿ ಕೋಡ್ ಮಾಡಿದ್ದಾರೆ, ಇಬ್ಬರ ತಾಳೆ 0.78’ ಎಂಬಂತೆ ಅಂಕಿ ಸಮೇತ ಬರೆದುಕೊಡಿ ಎಂದು ಕೇಳಿ. ಮುಂದಿನ ಅರ್ಜಿಯಲ್ಲಿ ಕಣ್ಣು ನಿಲ್ಲುವುದು ಆ ಸಾಲಿನ ಮೇಲೆ.